ಗುರೆಳ್ಳಿನ ಹದ

ಕಾಲೇಜು ಮತ್ತೆ ತೆರೆಯುತ್ತದೆ ಎಂಬ ಸುದ್ದಿ ಬಂದ ದಿನದಿಂದ ಜಗದೇವಿ ಒಂದೊಂದೇ ಡಬ್ಬಿ ತುಂಬಿಸತೊಡಗಿದಳು. ಚೆನ್ನೈನ ಪುರಸೈವಾಕ್ಕಂನ ಆ ಕಟ್ಟಡದಲ್ಲಿ ಕೆಳಗೆ ಗಂಡ ಚನ್ನವೀರಪ್ಪನ ರವಿಕೆ ಖಣದ ಅಂಗಡಿ, ಮೇಲೆ ಸಂಸಾರ. ಮಗಳು ತೇಜಶ್ರೀ ಕೊಯಮತ್ತೂರಿನಲ್ಲಿ ಕೃಷಿ ಓದಲು ಸೀಟು ಗಳಿಸಿದ್ದಳು. ಆದರೆ ಕೊರೊನಾದಿಂದಾಗಿ ಮೊದಲ ವರ್ಷವನ್ನೆಲ್ಲ ಮನೆಯ ಮೆಟ್ಟಿಲ ಮೇಲೆ ಫೋನು ಹಿಡಿದು ಕುಳಿತೇ ಮುಗಿಸಿದ್ದಳು. ಈಗ ಹಾಸ್ಟೆಲ್ಲಿನವರು ಲಸಿಕೆಯ ಸರ್ಟಿಫಿಕೇಟು ಕೇಳಿದ್ದರು, ಜೊತೆಗೆ ತಂದೆಯ ಒಪ್ಪಿಗೆ ಪತ್ರ.

"ಮೂರನೇ ಅಲಿ ಬರ್ತೈತಂತ ಟೀವಿಯೊಳಗ ಬಡ್ಕೋಳಾಕತ್ತಾರ" ಎಂದು ಚನ್ನವೀರಪ್ಪ ಸಹಿಯನ್ನು ದಿನ ದಿನ ಮುಂದಕ್ಕೆ ಹಾಕುತ್ತಿದ್ದ. "ಇಲ್ಲೇ ಯಾವುದರ ಕಾಲೇಜಿಗೆ ಹಾಕಿದ್ರಾತು. ಕಣ್ಮುಂದ ಇರ್ತಾಳ."

"ಪೆನ್ನು ಸಿಗವಲ್ದೇನ್ರಿ? ನಾ ತರ್ಲ್ಯಾ?" ಎನ್ನುತ್ತಿದ್ದಳು ಜಗದೇವಿ.

ಅವಳೊಳಗೆ ಒಂದು ಗುಟ್ಟಿತ್ತು. ಮೇ ತಿಂಗಳಲ್ಲಿ ಮೂವರಿಗೂ ಕೊರೊನಾ ಜ್ವರ ಬಂದು, ವಾಸನೆ ತಿಳಿಯದಂತಾಗಿತ್ತು. ಅಪ್ಪ, ಮಗಳಿಗೆ ಎರಡು ವಾರದಲ್ಲಿ ಮತ್ತೆ ತಿಳಿಯತೊಡಗಿತು. ಜಗದೇವಿಗೆ ತಿಳಿಯಲೇ ಇಲ್ಲ. "ನನಗೂ ಬಂತು" ಎಂದುಬಿಟ್ಟಳು. ಆ ಸುಳ್ಳಿಗೊಂದು ಕಾರಣವಿತ್ತು. ಅವಳು ಏಳನೆಯ ತರಗತಿ ಮುಗಿಸಿದ ವರ್ಷ ತಾಯಿ ಹಾಸಿಗೆ ಹಿಡಿದಿದ್ದಳು. ಮನೆಯಲ್ಲಿ ರೊಟ್ಟಿ ಬಡಿಯುವವರಿಲ್ಲವೆಂದು ಜಗದೇವಿಯನ್ನು ಶಾಲೆ ಬಿಡಿಸಿದರು. ತಾಯಿ ಆರು ತಿಂಗಳಿಗೆ ಎದ್ದು ಓಡಾಡಿದಳು. ಜಗದೇವಿ ಮತ್ತೆ ಶಾಲೆಯ ಹೊಸ್ತಿಲು ತುಳಿಯಲಿಲ್ಲ. ಈ ಮನೆಯಲ್ಲಿ ಅದು ಇನ್ನೊಮ್ಮೆ ನಡೆಯಬಾರದು, ಅಷ್ಟೇ.

ಹಾಗಾಗಿ ಅವಳು ಕಿವಿಯಿಂದ ಅಡುಗೆ ಮಾಡುವುದನ್ನು ಕಲಿತಳು. ಸಾಸಿವೆ ಸಿಡಿಯುವುದು, ಶೇಂಗಾದ ಸಿಪ್ಪೆ ಬಿರಿಯುವುದು, ಹಾಲು ಉಕ್ಕುವ ಮೊದಲು ಸುಯ್ಯೆನ್ನುವುದು ಎಲ್ಲವೂ ಗೊತ್ತಾಗುತ್ತಿತ್ತು. ಗ್ಯಾಸಿನ ಗುಂಡಿಯನ್ನು ಮೂರು ಮೂರು ಸಲ ಮುಟ್ಟಿ ನೋಡುತ್ತಿದ್ದಳು. ಬೆಳಗ್ಗೆ ಲಿಂಗಪೂಜೆಗೆ ಕುಳಿತಾಗ ಊದಿನಕಡ್ಡಿಯ ಹೊಗೆ ಏರುವುದನ್ನು ಕಂಡು, ಶಿವನಿಗಾದರೂ ಪರಿಮಳ ಮುಟ್ಟಿತಲ್ಲ ಎಂದುಕೊಳ್ಳುತ್ತಿದ್ದಳು.

ತೊಡಕಾದದ್ದು ಗುರೆಳ್ಳಿನಿಂದ, ಕೆಲವೆಡೆ ಹುಚ್ಚೆಳ್ಳು ಎನ್ನುವ ಕಾಳಿನಿಂದ. ಗುರೆಳ್ಳು ಚಟ್ನಿಪುಡಿ ಇಲ್ಲದೆ ತೇಜುವಿಗೆ ರೊಟ್ಟಿ ಇಳಿಯದು. ಆದರೆ ಗುರೆಳ್ಳು ಹುಟ್ಟುತ್ತಲೇ ಕಪ್ಪು. ಹುರಿದರೂ ಕಪ್ಪು, ಸೀದರೂ ಕಪ್ಪು. ಅದರ ಹದವನ್ನು ಮೂಗೇ ಹೇಳಬೇಕು. ಜಗದೇವಿ ಬಾಣಲೆಗೆ ಸುರಿದು ಚಿಟಿಚಿಟಿ ಸದ್ದಿಗೆ ಕಿವಿಗೊಟ್ಟು ನಿಂತಳು. ಅಷ್ಟರಲ್ಲಿ ಎದುರಿನ ಅಂಗಡಿಯವರು ಮೈಕು ಹಚ್ಚಿ, ಎರಡು ಬೆಡ್‌ಶೀಟಿಗೆ ಒಂದು ಫ್ರೀ ಎಂದು ಕೂಗತೊಡಗಿದರು. ಚಿಟಿಚಿಟಿ ಅದರಲ್ಲಿ ಮುಳುಗಿಹೋಯಿತು.

"ಅವ್ವಾ! ತೀಂಜಿ ಪೋಚ್ಚು! ಮೆಟ್ಟಿಲ ತನಕ ಸೀದ ನಾತ!" ತೇಜು ಓಡಿಬಂದು ಒಲೆ ಆರಿಸಿದಳು. ಗಾಬರಿಯಾದಾಗ ಅವಳ ಬಾಯಿಗೆ ತಮಿಳೇ ಮೊದಲು ಬರುತ್ತಿತ್ತು.

"ಇರ್ಲಿ ಬಿಡವಾ, ಸ್ವಲ್ಪ ಕಡಕ್ ಆದ್ರ ಬಾಳ ದಿನ ತಡೀತೈತಿ."

ತೇಜು ತಾಯಿಯ ಮುಖವನ್ನೇ ನೋಡಿದಳು. ಆಮೇಲೆ ಗೂಡಿನಿಂದ ಒಂದು ಡಬ್ಬಿ ತೆಗೆದಳು. "ಕಣ್ಣು ಮುಚ್ಚು. ಇದು ಎನ್ನ, ಸೊಲ್ಲು. ಏನಂತ ಹೇಳು."

ಜಗದೇವಿ ಜೋರಾಗಿ ಉಸಿರೆಳೆದಳು. "ಯಾಲಕ್ಕಿ."

ಕಣ್ಣು ಬಿಟ್ಟರೆ ಇಂಗಿನ ಡಬ್ಬಿ.

"ನಾಕು ತಿಂಗಳಿಂದ ಸುಳ್ಳು ಹೇಳೀಯಾ! ಗ್ಯಾಸ್ ಲೀಕಾದ್ರ ಯಾರಿಗೆ ಗೊತ್ತಾಗ್ತದ?" ತೇಜು ಅಳುತ್ತ ಡಬ್ಬಿಯನ್ನು ಕಟ್ಟೆಯ ಮೇಲೆ ಕುಕ್ಕಿದಳು. "ನಾನ್ ಪೋಗಮಾಟ್ಟೇನ್. ಹೋಗಂಗಿಲ್ಲ ಅಂದ್ರ ಹೋಗಂಗಿಲ್ಲ."

ಗದ್ದಲ ಕೇಳಿ ಮೇಲೆ ಬಂದ ಚನ್ನವೀರಪ್ಪನಿಗೆ ವಿಷಯ ತಿಳಿದಾಗ ಮರುಕವೂ ಆಯಿತು, ಒಳಗೊಳಗೆ ಸಮಾಧಾನವೂ ಆಯಿತು. "ನೋಡ್ದ್ಯಾ? ಶಿವನ ತಡದಾನ."

"ಶಿವನ ಮ್ಯಾಲ ಹಾಕಬ್ಯಾಡ್ರಿ" ಎಂದಳು ಜಗದೇವಿ. ಅವಳ ದನಿ ಅಷ್ಟು ಗಟ್ಟಿಯಾದದ್ದನ್ನು ಅಪ್ಪ, ಮಗಳು ಕೇಳಿರಲಿಲ್ಲ. "ನಮ್ಮವ್ವನ ಜಡ್ಡಿಗೆ ನಾ ಸಾಲಿ ಬಿಟ್ಟೆ. ಆಕಿ ಆರಾಮಾದ್ಲು, ನನ್ನ ಸಾಲಿ ತಿರುಗಿ ಬಂತೇನು? ನನ್ನ ಮೂಗಿಗೆ ಇಕಿನ್ನ ಕಟ್ಟಿ ಹಾಕಬ್ಯಾಡ್ರಿ."

ತೇಜು ಕಣ್ಣೊರೆಸಿಕೊಂಡು ಅಪ್ಪನ ಕಡೆ ತಿರುಗಿದಳು. "ಹಂಗಾದ್ರ ಒಂದು ಕರಾರು. ಅವ್ವ ಒಲಿ ಹಚ್ಚಿದಾಗ ನೀ ಮ್ಯಾಲ ಬಂದು ನಿಂದ್ರಬೇಕು. ದಿನಾ. ಡಾಕ್ಟರ್ ಹತ್ರನೂ ಕರ್ಕೊಂಡು ಹೋಗಬೇಕು."

"ನಾನಾ? ಅಡಗಿಮನ್ಯಾಗ? ಅಂಗಡಿ?"

"ಖಣ ಎದ್ದು ಓಡಿಹೋಗಂಗಿಲ್ಲಪ್ಪ."

"ನನಗ ಜೀರಗಿ ಯಾವುದು, ಬಡೇಸೋಪು ಯಾವುದು ತಿಳಿಯಂಗಿಲ್ಲಲೇ."

"ಸೀದದ್ದು ತಿಳಿದ್ರ ಸಾಕು."

ಚನ್ನವೀರಪ್ಪ ಹೆಂಡತಿಯನ್ನು ನೋಡಿದ. ನಾಲ್ಕು ತಿಂಗಳು ಅವನ ತಟ್ಟೆಯಲ್ಲಿ ಒಂದು ರೊಟ್ಟಿಯೂ ಸೀದಿರಲಿಲ್ಲ. ಅವನು ಜೇಬಿನಿಂದ ಪೆನ್ನು ತೆಗೆದು, "ಎಲ್ಲೈತಿ ಆ ಕಾಗದ?" ಎಂದ.

ಭಾನುವಾರ ಕೋಯಂಬೇಡು ಬಸ್‌ಸ್ಟ್ಯಾಂಡಿನಲ್ಲಿ ಮಗಳನ್ನು ಕೊಯಮತ್ತೂರಿನ ಬಸ್ಸು ಹತ್ತಿಸಿ ಬಂದರು. ಮರುದಿನ ಹನ್ನೊಂದಕ್ಕೆ ಜಗದೇವಿ ಬೇಳೆಗೆ ಒಗ್ಗರಣೆ ಇಡುವಾಗ ಹೇಳಿಕಳಿಸದೆಯೇ ಚನ್ನವೀರಪ್ಪ ಮೇಲೆ ಬಂದು, ಕೈಕಟ್ಟಿ, ಬಾಗಿಲಲ್ಲಿ ಕಾವಲುಗಾರನಂತೆ ನಿಂತ.

"ಏನರ ತಿಳೀತೇನ್ರಿ?"

"ಏನೂ ಇಲ್ಲ. ಎಲ್ಲಾ ಛಲೋ ಐತಿ."

ತಿರುಗಿ ನೋಡಿದ ಜಗದೇವಿಗೆ ಎಷ್ಟೋ ತಿಂಗಳ ಮೇಲೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು ಬಂತು. "ಮೊದಲ ಆ ಮಾಸ್ಕ್ ತಗೀರಿ!"