ಚಿಗವ್ವನ ಸಹಿ

ಚಿಗವ್ವ ದೆಹಲಿಗೆ ಬರುತ್ತಾಳೆಂದು ಗೊತ್ತಾದಾಗ ನಾನು ಮಾಡಿದ ಮೊದಲ ಕೆಲಸವೆಂದರೆ, ಅವಳು ನನ್ನ ಚಿಗವ್ವ ಎಂದು ಯಾರಿಗೂ ಹೇಳದೆ ಇದ್ದದ್ದು.

ಆಕೆ ನಮ್ಮ ಕಾಕಾನ ಹೆಂಡತಿ. ಬಯಲುಸೀಮೆಯ ನಮ್ಮ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಅಧ್ಯಕ್ಷೆ. ಬೇರೆ ಬೇರೆ ರಾಜ್ಯಗಳ ಅಧ್ಯಕ್ಷೆಯರಿಗೆ ಹೌಜ್ ಖಾಸ್ ಹತ್ತಿರದ ಒಂದು ಸಂಸ್ಥೆಯಲ್ಲಿ ತರಬೇತಿ ಏರ್ಪಾಡಾಗಿತ್ತು. ಕನ್ನಡದಿಂದ ಹಿಂದಿಗೆ ಹೇಳುವವರು ಬೇಕೆಂದಾಗ ನನ್ನ ಗೈಡ್ ನನ್ನ ಹೆಸರು ಸೂಚಿಸಿದ್ದರು. ನಾನು ಗ್ರಾಮೀಣ ಆಡಳಿತದ ಮೇಲೆ ಸಂಶೋಧನೆ ಮಾಡುವವಳು. ಅಧ್ಯಕ್ಷೆಯರ ಹೆಸರಿನಲ್ಲಿ ಗಂಡಂದಿರು ನಡೆಸುವ ಆಡಳಿತದ ಬಗ್ಗೆಯೇ ನನ್ನ ಪ್ರಬಂಧದಲ್ಲಿ ಒಂದು ಅಧ್ಯಾಯವಿದೆ. ಅಂಥ ಮನೆಗಳಲ್ಲಿ ನಮ್ಮದೂ ಒಂದೆಂದು ಗೈಡ್‌ಗೆ ತಿಳಿಯುವುದು ನನಗೆ ಬೇಡವಾಗಿತ್ತು.

ಸ್ಥಾನ ಮಹಿಳೆಗೆ ಮೀಸಲಾದ್ದರಿಂದ ಚಿಗವ್ವ ನಿಂತದ್ದು. ಊರಿನವರು ಅಧ್ಯಕ್ಷರೇ ಎಂದು ಕರೆಯುವುದು ಕಾಕಾನನ್ನು. ಈಗ ಪಂಚಾಯಿತಿಯ ಬಿಲ್ಲಿಗೆ ಪೆನ್ನಿನ ಸಹಿ ನಡೆಯುವುದಿಲ್ಲ. ಅಧ್ಯಕ್ಷರ ಡಿಜಿಟಲ್ ಸಹಿ ಬೆರಳುದ್ದದ ಒಂದು ಡೋಂಗಲ್‌ನಲ್ಲಿರುತ್ತದೆ, ಅದನ್ನು ಕಂಪ್ಯೂಟರಿಗೆ ಚುಚ್ಚಿದರೆ ಬಿಲ್ಲು ಪಾಸಾಗುತ್ತದೆ. ಚಿಗವ್ವನ ಡೋಂಗಲ್ ಇರುವುದು ಕಾಕಾನ ಅಂಗಿಯ ಕಿಸೆಯಲ್ಲಿ, ಬೈಕಿನ ಕೀಲಿಯ ಜೊತೆ. ರಜೆಗೆ ಹೋದಾಗ ನೋಡಿದ್ದೇನೆ. ಅಧ್ಯಾಯದಲ್ಲಿ ಬರೆದಿಲ್ಲ. ನನಗೆ ದೆಹಲಿಯಲ್ಲಿ ಸೀಟು ಸಿಕ್ಕಾಗ ಅಪ್ಪ ಹಿಂದೆಮುಂದೆ ನೋಡುತ್ತಿದ್ದರು, ಓದುವ ಹುಡುಗಿಯನ್ನು ತಡೆಯಬೇಡ ಎಂದು ವಾದಿಸಿ ರೈಲು ಹತ್ತಿಸಲು ಬಂದವರು ಕಾಕಾ. ಅವರನ್ನು ನಾನು ಬರೆಯುವ ಗಂಡಂದಿರ ಸಾಲಿನಲ್ಲಿ ನಿಲ್ಲಿಸಲು ಮನಸ್ಸು ಬಂದಿರಲಿಲ್ಲ.

ಚಿಗವ್ವ ಬಂದ ಸಂಜೆ ಗೆಸ್ಟ್ ಹೌಸಿಗೆ ಹೋದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದಳು. ನಾಳೆ ಎಲ್ಲರೆದುರು ನಿನ್ನನ್ನು ಮೇಡಂ ಎನ್ನುತ್ತೇನೆ, ಸಂಬಂಧ ಹೇಳುವುದು ಸರಿಹೋಗುವುದಿಲ್ಲ ಎಂದು ಹೇಳಿದೆ. ಅವಳಿಗೆ ನಗು ಬಂತು.

"ನಿನ್ನ ಮೂಗ ಒರಸಿದಾಕಿಗೆ ಮೇಡಂ ಅಂತೀಯೇನ? ಅನ್ನು ಯವ್ವಾ, ಅನ್ನು. ಊರಾಗಂತೂ ಯಾರೂ ಅನ್ನಂಗಿಲ್ಲ."

ಮರುದಿನ ಬೆಳಿಗ್ಗೆ ಪರಿಚಯ. ಒಬ್ಬೊಬ್ಬರೂ ತಮ್ಮ ಪಂಚಾಯಿತಿಗೆ ಸೇರಿದ ಹಳ್ಳಿಗಳು, ಜನಸಂಖ್ಯೆ ಹೇಳಬೇಕಿತ್ತು. ಚಿಗವ್ವ ತಿರುಗಿ ಕೇಳಿದಳು: "ಪಟ್ಟಿಯೊಳಗಿನ ಮಂದಿ ಹೇಳ್ಲೋ, ಊರಾಗಿರೋ ಮಂದಿ ಹೇಳ್ಲೋ? ಅರ್ಧ ಊರು ದುಡಿಯಾಕ ಗೋವಾಕ್ಕ ಹೋಗೇತಿ."

ಒಂದಕ್ಷರ ಬಿಡದೆ ಹಿಂದಿಯಲ್ಲಿ ಹೇಳಿದೆ. ಸಭೆ ನಕ್ಕಿತು. ಹಿಂದಿನ ಸಾಲಿನಲ್ಲಿದ್ದ ಗೈಡ್ ಬರೆದುಕೊಂಡರು. ಇವಳು ನನ್ನ ಚಿಗವ್ವ ಎಂದು ಹೇಳಿಬಿಡಬೇಕೆನಿಸುವಷ್ಟು ಹೆಮ್ಮೆಯಾಯಿತು.

ಊಟದ ನಂತರ, ನಿವೃತ್ತ ಅಧಿಕಾರಿಯಾಗಿದ್ದ ತರಬೇತುದಾರೆ ಎಲ್ಲರ ಸಮಸ್ಯೆಗಳನ್ನು ಕೇಳಿದರು. ಚಿಗವ್ವ ಎದ್ದು ಸೆರಗು ಸರಿಮಾಡಿಕೊಂಡಳು. ಹೇಳಬೇಕಾದ್ದನ್ನು ರೈಲಿನಲ್ಲೇ ಜೋಡಿಸಿಕೊಂಡು ಬಂದಿದ್ದಳೆಂದು ಕಾಣುತ್ತದೆ.

"ನನ್ನ ಡೋಂಗಲ್ ನಮ್ಮನಿಯವರ ಕಿಸೆದಾಗ ಇರತೈತಿ. ತೋಡಲಾರದ ಗಟಾರಕ್ಕ ಬಿಲ್ ಆಗೇತಿ. ಸಹಿ ನಂದು. ನಾಳೆ ಯಾರರೆ ಕೇಳಿದ್ರ ಜೇಲಿಗೆ ಹೋಗಾಕಿ ನಾನು. ಅದನ್ನ ನಾ ಹೆಂಗ ಇಸ್ಗೋಬೇಕು?"

ಗಟಾರದ ಸಂಗತಿ ನನಗೆ ಗೊತ್ತಿರಲಿಲ್ಲ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಗೈಡ್ ಪೆನ್ನು ಹಿಡಿದು ಕಾಯುತ್ತಿದ್ದರು. ನಾನು ಹಿಂದಿಯಲ್ಲಿ ಹೇಳಿದ್ದು ಇಷ್ಟು: ಡಿಜಿಟಲ್ ಸಹಿ ಬಳಸುವುದು ಮಹಿಳೆಯರಿಗೆ ಸ್ವಲ್ಪ ಕಷ್ಟವಾಗುತ್ತಿದೆ, ಇನ್ನಷ್ಟು ತರಬೇತಿ ಸಿಕ್ಕರೆ ಒಳ್ಳೆಯದು ಎನ್ನುತ್ತಿದ್ದಾರೆ. ಎಲ್ಲೂ ತಡವರಿಸಲಿಲ್ಲ. ಯಂತ್ರಕ್ಕೆ ಹೆದರಬಾರದು ಎಂದು ತರಬೇತುದಾರೆ ಧೈರ್ಯ ಹೇಳಿದರು. ಚಪ್ಪಾಳೆ ಬಿತ್ತು.

ಚಿಗವ್ವನಿಗೆ ಹಿಂದಿ ಬರುವುದಿಲ್ಲ. ಆದರೆ ತಾನು ಹೇಳಿದ ಮಾತಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ ಎಂಬುದು ಗೊತ್ತಾಗುತ್ತದೆ. ಕೂರದೆ ನನ್ನ ಕಡೆ ನೋಡಿದಳು. ತರಬೇತಿ ಕೊಡಿಸುತ್ತಾರಂತೆ ಎಂದೆ.

"ನಾ ಅದನ್ನ ಕೇಳಿದ್ನೇನ?" ಎಂದಳು, ನನಗಷ್ಟೇ ಕೇಳುವಂತೆ.

ಚಹಾದ ಹೊತ್ತಿಗೆ ಅವಳು ನನ್ನ ಹತ್ತಿರ ಬರಲಿಲ್ಲ. ಸೊಲ್ಲಾಪುರದ ಕಡೆಯ ಒಬ್ಬ ಅಧ್ಯಕ್ಷೆ ಇದ್ದರು, ತವರು ಗಡಿಯ ಈಚೆ ನಮ್ಮ ಕಡೆಯದು, ಮನೆಮಾತು ಕನ್ನಡ. ಇಬ್ಬರೂ ಕಿಟಕಿಯ ಪಕ್ಕ ನಿಂತು ಬಹಳ ಹೊತ್ತು ಮಾತಾಡಿದರು. ಮತ್ತೆ ಎಲ್ಲರೂ ಕೂತಾಗ ಆಕೆ ಎದ್ದು, ಈ ಅಕ್ಕನ ಪ್ರಶ್ನೆ ಹಾಗೇ ಉಳಿದಿದೆ ಎಂದು ಹಿಂದಿಯಲ್ಲಿ ಶುರುಮಾಡಿ, ಕಿಸೆ, ಗಟಾರ, ಜೈಲು ಎಲ್ಲವನ್ನೂ ಹೇಳಿದರು. ನನ್ನ ಹೆಸರು ಎತ್ತಲಿಲ್ಲ.

ತರಬೇತುದಾರೆ ಒಮ್ಮೆ ನನ್ನತ್ತ ನೋಡಿ, ಆಮೇಲೆ ಉತ್ತರ ಕೊಟ್ಟರು. ಸಹಿ ತನ್ನ ಕೈಯಲ್ಲಿಲ್ಲವೆಂದು ಮೇಲಧಿಕಾರಿಗಳಿಗೆ ಬರೆದುಕೊಡಬೇಕು, ಹಳೆಯದು ರದ್ದಾಗಿ ಹೊಸದು ಸಿಗುತ್ತದೆ. ಅದಕ್ಕೂ ಮೊದಲು ಸ್ವಂತ ಫೋನ್ ನಂಬರ್ ಇರಬೇಕು, ಏಕೆಂದರೆ ಒಟಿಪಿ ಬರುವುದು ಅದಕ್ಕೆ. ಈಗ ಕೊಟ್ಟಿರುವುದು ಯಾರ ನಂಬರು ಎಂದು ಕೇಳಿದರು. ಕಾಕಾನದು. ಚಿಗವ್ವನ ಕೈಯಲ್ಲಿದ್ದ ಫೋನಿನ ಸಿಮ್ ಕೂಡ ಅವರ ಹೆಸರಿನದೇ.

ನಾನು ಉತ್ತರವನ್ನು ಕನ್ನಡದಲ್ಲಿ ಹೇಳತೊಡಗಿದೆ. ಅಷ್ಟರಲ್ಲಾಗಲೇ ಸೊಲ್ಲಾಪುರದಾಕೆ ಚಿಗವ್ವನಿಗೆ ಹೇಳುತ್ತಿದ್ದರು. ಅರ್ಧಕ್ಕೇ ನಿಲ್ಲಿಸಿದೆ. ಗೈಡ್ ಪೆನ್ನಿನ ಮುಚ್ಚಳ ಹಾಕಿದರು. ಆ ದಿನವಾಗಲಿ ಆಮೇಲಾಗಲಿ ಅವರು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಸಂಜೆ ಚಿಗವ್ವ ಮಾರ್ಕೆಟ್ಟಿಗೆ ಹೋಗೋಣ ಎಂದಳು. ತನ್ನ ಹೆಸರಿನಲ್ಲಿ ಸಿಮ್ ಬೇಕಿತ್ತು. ಸೊಲ್ಲಾಪುರದಾಕೆಯೂ ಜೊತೆಗೆ ಬಂದರು. ಅಂಗಡಿಯವನ ಹತ್ತಿರ ನಾನೇ ಮಾತಾಡಬೇಕಾಗುತ್ತದೆಂದು ಅಭ್ಯಾಸದಂತೆ ಮುಂದೆ ಹೋದೆ.

"ಬ್ಯಾಡ ಯವ್ವಾ. ಈ ಅಕ್ಕಾರು ಬರತಾರ. ನೀ ಚೀಲ ಹಿಡ್ಕೊಂಡು ಇಲ್ಲೇ ನಿಂದ್ರು."

ದನಿಯಲ್ಲಿ ಸಿಟ್ಟಿರಲಿಲ್ಲ. ಗಾಜಿನ ಬಾಗಿಲು ಮುಚ್ಚಿಕೊಂಡಿತು. ಒಳಗೆ ಅಂಗಡಿಯವನು ಏನೋ ಕೇಳಿದ, ಚಿಗವ್ವ ಆಧಾರ್ ಕಾರ್ಡ್ ಮುಂದಿಟ್ಟಳು.

ಆಗ ನನಗೆ ಫೋನ್ ಬಂತು. ಕಾಕಾ. ಚಿಗವ್ವ ಫೋನ್ ಎತ್ತುತ್ತಿಲ್ಲ, ಎಲ್ಲಿದ್ದಾಳೆ ಎಂದು ವಿಚಾರಿಸಿದರು. ಹತ್ತಿರದಲ್ಲೇ ಇದ್ದಾಳೆ ಎಂದೆ. ನನ್ನ ಊಟ ತಿಂಡಿ ಕೇಳಿದರು, ಯಾವಾಗಲೂ ಕೇಳುವ ಹಾಗೆ. ಆಮೇಲೆ ಅಲ್ಲಿ ಸಭೆಯಲ್ಲಿ ಏನಾದರೂ ಮಾತಾಡಿದಳೇ ಎಂದರು.

"ಆಕಿನ್ನ ಕೇಳ್ರಿ ಕಾಕಾ."

ಅವರು ನಕ್ಕರು. "ಆಕಿ ಏನ್ ಹೇಳ್ತಾಳ? ನೀ ಹೇಳು."

ಅವರಿಗೆ ನನ್ನ ಮೇಲೆ ಅಷ್ಟು ನಂಬಿಕೆ. ಅವರಿಬ್ಬರ ಚೀಲಗಳನ್ನೂ ಒಂದೇ ಕೈಗೆ ಬದಲಾಯಿಸಿಕೊಂಡು ಬಾಗಿಲು ತಳ್ಳಿ, ಫೋನನ್ನು ಚಿಗವ್ವನ ಮುಂದೆ ಹಿಡಿದೆ.