ಮೂರು ಮಿಲ್ಲುಗಳ ನಕ್ಷೆಯಲ್ಲಿ ವೆಂಕೋಬ

ಮಸರಕಲ್ಲಿನ ವೆಂಕೋಬ ಅಕ್ಕಿ ಮಿಲ್ಲಿಗೆ ಹಮಾಲಿಯಾಗಿ ಸೇರಿ, ದುಡಿದು ಮೇಲ್ವಿಚಾರಕನಾದವನು. ಮಾಲಿಕ ಶಿವರಾಜನಿಗೆ ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ಮೂರು ಮಿಲ್ಲುಗಳು. ಮೂರರಲ್ಲಿಯೂ ವೆಂಕೋಬನ ಮಾತೇ ಮಾತು. ಚೀಲದ ಬಾಯಿಗೆ ಹಳದಿ ದಾರವಿದ್ದರೆ ಭತ್ತ ಒಣಗಿದೆ, ಹಸಿರಿದ್ದರೆ ಇನ್ನೂ ಹಸಿ, ಮುಟ್ಟಬಾರದು. ಈ ರೂಢಿಯನ್ನು ತಂದವನೂ ಅವನೇ.

ಈ ಸಲ ಮೂರನ್ನೂ ಒಂದೇ ಕಂಪ್ಯೂಟರ್ ವ್ಯವಸ್ಥೆಗೆ ತರಲು ಶಿವರಾಜ ಸಂಘಮಿತ್ರಾ ಎಂಬ ಎಂಜಿನಿಯರನ್ನು ಕರೆಸಿದ. ಒಂದು ಸಂಸ್ಥೆಯ ಕೆಲಸ, ತಂತ್ರಾಂಶ, ಯಂತ್ರಗಳು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆಯೆಂದು ತೋರಿಸುವುದಕ್ಕೇ ಒಂದು ಚಿತ್ರಭಾಷೆಯಿದೆಯಂತೆ. ಆಕೆ ಅದರಲ್ಲಿ ನಕ್ಷೆ ಬರೆದು ರಾಯಚೂರಿನ ಕಚೇರಿಯ ಗೋಡೆಗೆ ಅಂಟಿಸಿದಳು. ನಕ್ಷೆಯಲ್ಲಿಲ್ಲದ ಹುದ್ದೆ ಮುಂದೆ ಇರುವುದಿಲ್ಲವೆಂದು ಮಾಲಿಕ ಮೊದಲೇ ಹೇಳಿದ್ದ.

ವೆಂಕೋಬ ಅದರ ಮುಂದೆ ನಿಂತ. ತುಂಡುಗೆರೆಯ ಬಾಣ, ಪೂರ್ತಿ ಗೆರೆಯ ಬಾಣ, ತುದಿಗೆ ಚುಕ್ಕೆಯಿಟ್ಟ ಗೆರೆ. ಯಾವುದು ಎಲ್ಲಿ ಹೊರಟು ಎಲ್ಲಿ ಮುಟ್ಟುತ್ತದೆಯೋ ತಿಳಿಯಲಿಲ್ಲ. ತನ್ನ ಸುಳಿವಂತೂ ಎಲ್ಲಿಯೂ ಇರಲಿಲ್ಲ. ಗುರುತು ಸಿಕ್ಕಿದ್ದು ಒಂದೇ: ಮೂರೂ ಊರಿನ ತೂಕದ ಯಂತ್ರಗಳಿಗೆ ಹಸಿರು ಬಣ್ಣ. ಮುಟ್ಟಬಾರದೆಂದಲ್ಲವೇ? ಹೊಸ ಆಜ್ಞೆಯನ್ನು ಎಲ್ಲರಿಗಿಂತ ಮೊದಲು ಪಾಲಿಸಿದರೆ ಕೆಲಸ ಉಳಿದೀತೆಂದು ಮೂರೂ ಕಡೆ ಫೋನು ಮಾಡಿ ತೂಕ ನಿಲ್ಲಿಸಿದ.

ಮಧ್ಯಾಹ್ನಕ್ಕೆ ಮಾನ್ವಿಯಲ್ಲಿ ಲಾರಿಗಳು ರಸ್ತೆಯವರೆಗೆ ಸಾಲುಗಟ್ಟಿದವು. ಶಿವರಾಜ ಕಚೇರಿಗೆ ಧಾವಿಸಿದ.

"ತೂಕ ಬಂದ್ ಮಾಡಿಸಿದಾಂವ ಯಾವನಲೇ?"

"ನಾನೇರೀ ಧಣಿ," ಎಂದ ವೆಂಕೋಬ. "ಗ್ವಾಡಿ ಮ್ಯಾಗ ಹಸರು ಹಚ್ಯಾರಲ್ರೀ."

"ಕಾಕಾ, ಇದರಾಗ ಹಸರು ಅಂದ್ರ ಯಂತ್ರ," ಎಂದಳು ಸಂಘಮಿತ್ರಾ. "ಹಳದಿ ಅಂದ್ರ ಮಂದಿ ಮಾಡೋ ಕೆಲಸ."

"ಹಂಗಾರ ಹಸಿ ಭತ್ತಕ್ಕ ಯಾವ ಬಣ್ಣ, ಯವ್ವಾ?"

"ನಿನ್ನ ತಲಿಗಿ ಬಳೀಬೇಕು ಬಣ್ಣ," ಎಂದ ಶಿವರಾಜ.

ಸಂಘಮಿತ್ರಾ ನಗಲಿಲ್ಲ. "ಸರ್, ಇವರೊಬ್ಬರ ಫೋನಿಗೆ ಮೂರು ಮಿಲ್ಲು ನಿಂತ್ವು. ಇವರಿಂದ ಮಿಲ್ಲಿಗೆ ಹೋಗೋ ಗೆರಿ ನನ್ನ ನಕ್ಷೆದಾಗ ಇಲ್ಲ. ಅದು ನಂದೇ ತಪ್ಪು."

ಆಕೆ ಒಂದು ಹಳದಿ ಚೌಕ ಬರೆದು, ಅದರಿಂದ ಮೂರೂ ಊರುಗಳಿಗೆ ಗೆರೆ ಎಳೆದಳು. ಶಿವರಾಜ ಆ ಗೆರೆಗಳನ್ನು ಬೆರಳಿಟ್ಟು ಎಣಿಸಿದ.

"ಇರಲಿ. ಆದ್ರ ಒಬ್ಬನ ಕೈಯಾಗ ಇಷ್ಟು ಗೆರಿ ಬ್ಯಾಡ. ವೆಂಕೋಬ, ಊರಿಗೊಬ್ಬರಿಗಿ ನಿನ್ನ ಕೆಲಸ ಕಲಿಸು. ಅವರ ಮ್ಯಾಗ ನೀ ಇರು."

ಇದು ಬಡ್ತಿಯೋ ಕಡಿತವೋ ವೆಂಕೋಬನಿಗೆ ತಿಳಿಯಲಿಲ್ಲ. ಹಳದಿ ಚೌಕದ ಮೇಲೆ ಬೆರಳಿಟ್ಟ.

"ಯವ್ವಾ, ಇದು ನಾನಾ?"

"ನೀವಲ್ಲ ಕಾಕಾ, ನಿಮ್ಮ ಹುದ್ದೆ."

"ಮತ್ತ ನಾ ಎಲ್ಲದೀನಿ?"

"ನೀವು ಮಾನ್ವಿ ಬಸ್ಸಿನಾಗ ಇರಬೇಕಿತ್ತು. ಲಾರಿ ನಿಂತಾವ, ನಡೀರಿ."

ಅದೊಂದು ಮಾತು ಅವನಿಗೆ ಪೂರ್ತಿ ಅರ್ಥವಾಯಿತು. ಟವೆಲ್ಲನ್ನು ಹೆಗಲಿಗೇರಿಸಿ ಬಸ್‌ ನಿಲ್ದಾಣದ ಕಡೆಗೆ ಹೊರಟ.