ಊಟದ ಮೇಜಿನ ಮೇಲಿನ ಕೂರಿಗೆ

ಢಣ್, ಢಣ್, ಢಣ್.

ಎದುರಿನ ಕೊಟ್ಟಿಗೆಯ ಕಡೆಯಿಂದ ಗಂಟೆಯ ಸದ್ದು ಬಂದ ಕೂಡಲೇ ಕೆಂಚಯ್ಯ ತುಟಿಗಿಟ್ಟಿದ್ದ ಟೀ ಲೋಟವನ್ನು ಜಗುಲಿಯ ಮೇಲೆ ಕುಕ್ಕಿ ಎದ್ದ. ಕೆಂದಿ ಹಗ್ಗ ಕಿತ್ತುಕೊಂಡಿರಬೇಕು; ಇಲ್ಲದಿದ್ದರೆ ಒಂದೇ ಸಮನೆ ಹೀಗೆ ಕತ್ತು ಕೊಡವುವ ಹಸುವಲ್ಲ ಅದು. ಪಂಚೆ ಎತ್ತಿ ಕಟ್ಟಿ ನಾಲ್ಕು ಹೆಜ್ಜೆ ಇಟ್ಟ ಮೇಲೆ ನೆನಪಾಯಿತು: ಕೆಂದಿಯನ್ನು ಮಾರಿ ಎಂಟು ತಿಂಗಳಾಗಿದೆ. ಅದರ ಕೊರಳ ಗಂಟೆ ಮಾತ್ರ ಕೊಟ್ಟಿಗೆಯಲ್ಲೇ ಉಳಿದು ಈಗ ಕಾಲಿಂಗ್ ಬೆಲ್ ಆಗಿದೆ. ಹಗ್ಗ ಜಗ್ಗುತ್ತ ನಿಂತಿದ್ದವನು ಹಾಸನದಿಂದ ಪಾರ್ಸಲ್ ತಂದ ಕೊರಿಯರ್‌ನವನು.

"ದಿನಕ್ಕೆ ನಾಕ್ ಸಲ ಏಳ್ತೀಯ. ಹಸ ಇದ್ದಾಗ್ಲೂ ಇಷ್ಟ್ ಸಲ ಎದ್ದಿದ್ದಿಲ್ಲ ನೀನು" ಎಂದಳು ಒಳಗಿನಿಂದ ಹೆಂಡತಿ ಮರಿಯಮ್ಮ.

ಕೆಂಚಯ್ಯ ಅಂಗಳಕ್ಕೆ ಇಳಿದ. ಎದ್ದದ್ದಕ್ಕೆ ಒಂದು ಕಾರಣ ಬೇಕಿತ್ತು, ಅದು ಸಿಕ್ಕಿತು. ಹಿಂದಿನ ಸಂಜೆ ಪುನರ್ವಸು ಮಳೆ ಹದವಾಗಿ ಹುಯ್ದಿತ್ತು. ಬಗ್ಗಿ ಅಂಗಳದ ಮಣ್ಣನ್ನು ಒಂದು ಹಿಡಿ ಎತ್ತಿ ಅದುಮಿದ. ಉಂಡೆಯಾಯಿತು, ಬೆರಳಲ್ಲಿ ತಟ್ಟಿದರೆ ಉದುರಿತು. ರಾಗಿ ಬಿತ್ತಲು ಇದಕ್ಕಿಂತ ಒಳ್ಳೆಯ ಹದ ಬೇಡ. ಮೋಡ ಹರಿದು ಬಿಸಿಲು ಬರುತ್ತಿತ್ತು. ಮಧ್ಯಾಹ್ನದೊಳಗೆ ಬಿತ್ತದಿದ್ದರೆ ಮೇಲ್ಮಣ್ಣು ಗಟ್ಟಿಯಾಗುತ್ತದೆ. ಚಲುವಯ್ಯನ ಜೋಡಿ ಎತ್ತು ಇವತ್ತೊಂದು ದಿನ ಮಾತ್ರ ಬಿಡುವು, ನಾಳೆಯಿಂದ ಬೇರೆಯವರ ಹೊಲಕ್ಕೆ. ಎತ್ತಿದೆ, ಬೀಜವಿದೆ, ಹದವಿದೆ. ಇಲ್ಲದ್ದು ಬಿತ್ತುವ ಕೂರಿಗೆ ಒಂದೇ.

ಅದೂ ಇಲ್ಲದ್ದೇನಲ್ಲ. ಎದುರಿನ ಕೊಟ್ಟಿಗೆಯಲ್ಲಿ ಊಟದ ಮೇಜಿನ ಮೇಲೆ ಆರು ಬಲ್ಬು ಹೊತ್ತಿಸಿಕೊಂಡು ನೇತಾಡುತ್ತಿತ್ತು.

ಹಳೇಕೋಟೆ ಹೋಬಳಿಯ ಆ ಸಣ್ಣ ಊರಿನಲ್ಲಿ ಕಾಂತರಾಜುವಿನ ಮನೆತನದ್ದು ದೊಡ್ಡ ಹಿಡುವಳಿ. ಅವರ ಕೊಟ್ಟಿಗೆ ಊರ ಅಂಚಿಗೆ, ಕೆಂಚಯ್ಯನ ಕೇರಿಯ ಎದುರಿಗೇ ಇತ್ತು. ಹನ್ನೆರಡನೇ ವಯಸ್ಸಿಗೆ ಕೆಂಚಯ್ಯ ಆ ಕೊಟ್ಟಿಗೆಯ ಕಸ ಬಾಚಲು ನಿಂತವನು, ಅರವತ್ತೆರಡಕ್ಕೆ ಕೈ ತೊಳೆದ. ಅಷ್ಟು ವರ್ಷದಲ್ಲಿ ಅವನು ಆ ಮನೆಯ ನಡುಮನೆಯನ್ನು ನೋಡಿದ್ದು ಕಿಟಕಿಯಿಂದ. ಕೊಟ್ಟಿಗೆ ಮಾತ್ರ ಅವನದೇ ಎನ್ನುವಷ್ಟು ಅವನದು. ಯಾವ ತೊಲೆಗೆ ಗೆದ್ದಲು ಹತ್ತುತ್ತದೆ, ಯಾವ ಹೆಂಚು ಜಾರುತ್ತದೆ, ಯಾವ ಗೂಟಕ್ಕೆ ಕಟ್ಟಿದರೆ ಎಮ್ಮೆ ಒದೆಯುವುದಿಲ್ಲ, ಎಲ್ಲ ಅವನಿಗೆ ಅಂಗೈಯಂತೆ ಗೊತ್ತು.

ಕಾಂತರಾಜುವಿಗೆ ಹಾಸನದಲ್ಲಿ ಟೈಲ್ಸ್ ಅಂಗಡಿ. ಮುಖ ನೋಡಿಕೊಂಡು ತಲೆ ಬಾಚಬಹುದಾದ ಟೈಲ್ಸ್ ಮಾರಿ ಮಾರಿ ಅವನು ಅರ್ಧ ತಾಲ್ಲೂಕಿನ ಮಣ್ಣು ನೆಲವನ್ನು ಮುಚ್ಚಿದ್ದ. ಕೆಂಚಯ್ಯನ ಮನೆಗೂ ಅವನ ಅಂಗಡಿಯ ಟೈಲ್ಸೇ. ಮರಿಯಮ್ಮ ಎರಡು ಸಲ ಜಾರಿ ಬಿದ್ದರೂ ದಿನಾ ಅದನ್ನು ಒರೆಸಿ ಹೊಳಪು ಮಾಡುತ್ತಿದ್ದಳು. ಊರೆಲ್ಲ ಹೊಳೆಯತೊಡಗಿದ ಮೇಲೆ ಕಾಂತರಾಜುವಿಗೆ ಹೊಳಪು ಬೇಸರವಾಯಿತು. ಅದೇ ಹೊತ್ತಿಗೆ ಅವನ ಮಗಳು ಮೇಘಶ್ರೀ, ಮನೆಯ ಒಳಾಂಗಣ ಅಲಂಕಾರ ಓದಿಕೊಂಡವಳು, ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸಿದಳು. ಯಾವುದೋ ದೇಶದಲ್ಲಿ ಕುದುರೆ ಕಟ್ಟುತ್ತಿದ್ದ ಲಾಯದಲ್ಲಿ ಈಗ ಮನುಷ್ಯರು ದಿಂಬಿಗೊರಗಿ ಕಾಫಿ ಕುಡಿಯುತ್ತಿದ್ದರು.

"ನಮ್ದೂ ಒಂದ್ ಐತಲ್ಲಪ್ಪ, ಸುಮ್ನೆ ಬಿದ್ದಿದೆ" ಎಂದಳು.

ಸುಮ್ಮನೆ ಬಿದ್ದಿರಲಿಲ್ಲ, ಆಗಿನ್ನೂ ಅದರಲ್ಲಿ ಐದು ದನ ಇದ್ದವು. ಒಂದು ಭಾನುವಾರ ಅವನ್ನು ಲಾರಿ ಹತ್ತಿಸಿದರು. ಮಾರನೆಯ ದಿನ ಕೆಲಸ ಶುರುವಾಯಿತು.

ಮೊದಲು ಹಳೆಯದನ್ನೆಲ್ಲ ಕಿತ್ತರು. ಆಮೇಲೆ ಹೊಸದನ್ನು ತಂದು ಹಳೆಯದು ಮಾಡತೊಡಗಿದರು. ತೇಗದ ಹೊಸ ಹಲಗೆ ಬಂತು. ಅದಕ್ಕೆ ಸರಪಳಿಯಲ್ಲಿ ಬಡಿದರು, ಡ್ರಿಲ್ಲಿಂಗ್ ಮಿಷನ್ನಿನಿಂದ ಸಣ್ಣ ಸಣ್ಣ ತೂತು ಕೊರೆದರು, ಹುಳ ತಿಂದ ಹಾಗೆ ಕಾಣಲೆಂದು. ಐವತ್ತು ವರ್ಷ ಆ ಕೊಟ್ಟಿಗೆಯ ಮರಕ್ಕೆ ಹುಳ ಬೀಳದಂತೆ ಗೇರೆಣ್ಣೆ ಬಳಿದ ಕೆಂಚಯ್ಯನನ್ನೇ ಕರೆದು ಕೇಳಿದರು, "ಹುಳ ಎಲ್ಲೆಲ್ಲಿ ತಿಂತದೆ, ಗುರ್ತು ಹಾಕ್ಕೊಡು." ಅವನು ಸೀಮೆಸುಣ್ಣ ಹಿಡಿದು ಗುರುತು ಹಾಕಿದ. ಯಾರದೋ ಮನೆಗೆ ಕಳ್ಳರಿಗೆ ದಾರಿ ತೋರಿಸಿದವನ ಮುಖ ಮಾಡಿಕೊಂಡು ಬಂದ.

ನೆಲಕ್ಕೆ ಸಗಣಿ ಸಾರಿಸಬೇಕೆಂದು ಮರಿಯಮ್ಮನನ್ನು ಕರೆದರು. ಸಗಣಿ ಎಲ್ಲಿ? ದನ ಕಳಿಸಿದ ಮೇಲೆ ಸಗಣಿ ಬೇಕಾಗಿತ್ತು. ಮಲ್ಲಿಪಟ್ಟಣದ ಕಡೆಯಿಂದ, ಪೇಂಟಿನ ಡಬ್ಬಗಳಲ್ಲಿ ತುಂಬಿ, ಕಾಂತರಾಜುವಿನ ದೊಡ್ಡ ಕಾರಿನಲ್ಲಿ ತರಿಸಿದರು. ಮರಿಯಮ್ಮ ಮಂಡಿಯೂರಿ, ಅಂಗೈ ಅಗಲದ ಅರ್ಧಚಂದ್ರಗಳನ್ನು ಬಿಡಿಸುತ್ತ ನೆಲವನ್ನೆಲ್ಲ ಸಾರಿಸಿದಳು. ಮೇಘಶ್ರೀ ಕಣ್ಣರಳಿಸಿ ಫೋಟೋ ತೆಗೆದಳು. ಸಂಜೆಗೆ ವಾಸನೆ ಎಂದು ಎರಡು ಬಾಟಲಿ ಗಂಧದ ಸ್ಪ್ರೇ ಹೊಡೆದರು. ಎರಡು ದಿನದ ಮೇಲೆ, ಕಾಲಿಗೆ ಅಂಟಬಾರದೆಂದು ಅದರ ಮೇಲೆ ವಾರ್ನಿಷ್ ಬಳಿದರು.

"ಸಗಣೀಗೆ ವಾರ್ನೀಸು ಕಣ್ರೋ! ನಮ್ಮವ್ವ ಇದ್ದಿದ್ರೆ ನಗಾಡಿ ನಗಾಡಿನೇ ಸತ್ತೋಗೋಳು" ಎಂದು ಮರಿಯಮ್ಮ ಕೇರಿಗೆಲ್ಲ ಹೇಳಿಕೊಂಡು ಬಂದಳು. ಆಮೇಲೆ ತನ್ನ ಮನೆಯ ಟೈಲ್ಸ್ ಮೇಲೆ ಕೂತು, ಉಗುರಿನ ಸಂದಿಯ ಸಗಣಿಯನ್ನು ಕಡ್ಡಿಯಿಂದ ತೆಗೆದಳು.

ಕೊಟ್ಟಿಗೆ ಹೀಗೆ ನಡುಮನೆಯಾಯಿತು. ಆದ ದಿನವೇ ಕೆಂಚಯ್ಯನಿಗೆ ಅದರ ಬಾಗಿಲಲ್ಲಿ ಚಪ್ಪಲಿ ಬಿಡಬೇಕಾಯಿತು.

ಕೂರಿಗೆಯ ಕತೆ ಬೇರೆ. ಅದು ಕಾಂತರಾಜುವಿನ ಮನೆಯದಲ್ಲ. ಕೆಂಚಯ್ಯನ ಅಪ್ಪನ ಕಾಲದಲ್ಲಿ ಕೇರಿಯ ಐದು ಮನೆಯವರು ಸೇರಿ ಮಾಡಿಸಿದ್ದು. ಮಣ್ಣು ಸೀಳುವ ಆರು ತಾಳು, ಆರು ಬಿದಿರು ಕೊಳವೆ, ಮೇಲೆ ಬೀಜ ಬಿಡುವ ಮರದ ಬಟ್ಟಲು. ಆಗ ಐದೂ ಮನೆಯ ಸೂರು ಸೋರುತ್ತಿದ್ದರಿಂದ ಅದನ್ನು ಕೊಟ್ಟಿಗೆಯ ತೊಲೆಗೆ ಹಗ್ಗ ಹಾಕಿ ನೇತುಹಾಕುತ್ತಿದ್ದರು. ಅದಕ್ಕೊಂದು ಕಟ್ಟಳೆಯಿತ್ತು: ಹದದ ದಿನ ಕೂರಿಗೆ ಕೇಳಿ ಬಂದವನಿಗೆ ಇಲ್ಲ ಎನ್ನುವಂತಿಲ್ಲ. ಬಿತ್ತಿದವನು ತೊಳೆದು, ಬಟ್ಟಲಲ್ಲಿ ಒಂದು ಹಿಡಿ ಬೀಜವನ್ನು ಬಟ್ಟೆಯಲ್ಲಿ ಕಟ್ಟಿಟ್ಟೇ ತಂದು ನೇತುಹಾಕಬೇಕು, ಬಟ್ಟಲು ಬರಿದಾಗಿರಬಾರದು. ಕಾಂತರಾಜುವಿನ ತಂದೆ ಉಳಿದೆಲ್ಲದರಲ್ಲಿ ಬಿಗಿಯ ಮನುಷ್ಯ. ಕೂರಿಗೆಯ ವಿಷಯದಲ್ಲಿ ಮಾತ್ರ ಊಟ ಬಿಟ್ಟೆದ್ದು ಬಂದು ಕೊಟ್ಟಿಗೆಯ ಬಾಗಿಲು ತೆಗೆಯುತ್ತಿದ್ದರು.

ಮೇಘಶ್ರೀಗೆ ಇದೇನೂ ತಿಳಿಯದು. ನೇತುಹಾಕಿದ್ದನ್ನು ಕಂಡಳು, ನೇತುಹಾಕಲೆಂದೇ ಮಾಡಿದ್ದು ಎಂದುಕೊಂಡಳು. ಕೊಳವೆಗಳಲ್ಲಿ ವೈರು ಇಳಿಸಿ, ತಾಳಿಗೊಂದರಂತೆ ಬಲ್ಬು ಹಾಕಿಸಿದಳು. ಕೂರಿಗೆಯ ಮೈಮೇಲೆ ಸಾಲಾಗಿದ್ದ ಐದು ಕಚ್ಚುಗಳು ಮುದ್ದಾಗಿ ಕಂಡದ್ದರಿಂದ ಅವಕ್ಕೆ ಚಿನ್ನದ ಬಣ್ಣ ತುಂಬಿಸಿದಳು.

ಕೆಂಚಯ್ಯ ಕೊಟ್ಟಿಗೆಯ ಬಾಗಿಲಿಗೆ ಬಂದಾಗ ಕಾಂತರಾಜು ಗೋದಲಿಯ ಮೇಲೆ ಕೂತು ಫೋನಿನಲ್ಲಿದ್ದ. ದನ ಮೇವು ತಿನ್ನುತ್ತಿದ್ದ ಕಲ್ಲಿನ ಗೋದಲಿಗೆ ಹಲಗೆ ಹೊದಿಸಿ, ಮೆತ್ತೆ ಹಾಕಿ ಸೋಫಾ ಮಾಡಿದ್ದರು.

"ಬಾ ಕೆಂಚಣ್ಣ, ನೂರ್ ವರ್ಸ ನಿಂಗೆ. ಭಾನುವಾರ ಗೃಹಪ್ರವೇಶ ಗೊತ್ತಲ್ಲ? ಹಾಸನದಿಂದ ಐವತ್ ಜನ ಬತ್ತಾವ್ರೆ. ನೀನು ಕಂಬ್ಳಿ ಹೊದ್ದು, ತಲೆಗೆ ರುಮಾಲ್ ಸುತ್ತಿ ಬಾಗ್ಲಲ್ಲಿ ನಿಂತ್ಕಬೇಕು."

"ಕಂಬ್ಳಿ ಎಲ್ಲೈತೆ ಕಾಂತಣ್ಣ? ನನ್ ತಾವ ಸ್ವೆಟ್ರು ಐತೆ."

"ಕಂಬ್ಳಿ ನಾವೇ ತರ್ಸಿದೀವಿ. ಪಾರ್ಸಲ್ ಈಗ್ತಾನೆ ಬಂತು. ಕೂತ್ಕ, ಕೂತ್ಕ."

ಕೆಂಚಯ್ಯ ಗೋದಲಿ ನೋಡಿದ. ಕೂರಲಿಲ್ಲ.

"ಕೂರಿಗೆ ಬೇಕಿತ್ತು. ಹದ ಆಗೈತೆ. ಚಲುವಯ್ಯ ಎತ್ತು ಕಟ್ಕಂಡು ಹೊಲದ್ ತಾವ ನಿಂತವ್ನೆ."

ಕಾಂತರಾಜು ಫೋನು ಕೆಳಗಿಟ್ಟ. ತಲೆಯೆತ್ತಿ ಬಲ್ಬುಗಳನ್ನು ನೋಡಿದ. ಇಲ್ಲ ಎಂದು ಅವನ ಬಾಯಲ್ಲಿ ಬರಲಿಲ್ಲ. ಅಪ್ಪನ ರಕ್ತ ಅಷ್ಟು ಉಳಿದಿತ್ತು. ಇಲ್ಲ ಎನ್ನದೆ ಇಲ್ಲವೆನ್ನಲು ಹಾಸನದ ವ್ಯಾಪಾರ ಅವನಿಗೆ ಬೇರೆ ಮಾತು ಕಲಿಸಿತ್ತು.

"ಸೋಮವಾರ ತಗ" ಎಂದ.

"ಸೋಮವಾರ ಮಣ್ ಕಲ್ಲಾಗಿರ್ತದೆ."

"ಟ್ರಾಕ್ಟರ್ ಕಳಿಸ್ತೀನಿ ಬುಡು. ನನ್ ಖರ್ಚು."

"ಟ್ರಾಕ್ಟ್ರು ನಮ್ ತಗ್ಗಿಗೆ ಇಳಿಯಾಕಿಲ್ಲ. ಹೋದೊರ್ಸ ಇಳೀತು, ಮೇಲಕ್ ಎಳಿಯಾಕೆ ಜೇಸಿಬಿ ಬಂತು. ನೀವೂ ನೋಡಾಕ್ ಬಂದಿದ್ರಿ, ನಗಾಡಿದ್ರಿ."

"ಅಲ್ಲಾ ಕೆಂಚಣ್ಣ, ನಮ್ ತಾತನ್ ಕಾಲದ್ ಸಾಮಾನು, ಮನೇಲಿ ಒಂದಾದ್ರೂ ಇರ್ಲಿ ಅಂತ..."

"ನಿಮ್ ತಾತಂದು ಕಬ್ಬಿಣದ್ದು ಕಾಂತಣ್ಣ. ಅದನ್ನ ನೀವು ಗುಜರಿಗಾಕಿದ್ರಿ. ಇದು ಐದ್ ಮನೇದು. ಆ ಚಿನ್ನ ಬಳ್ದಿದೀರಲ್ಲ, ಅದು ಲೆಕ್ಕ. ಒಂದ್ ಕಚ್ಚು ನಮ್ದು, ಒಂದು ಚಲುವಯ್ಯಂದು, ಗಂಗಯ್ಯಂದು, ಮಂಚಯ್ಯಂದು, ರಂಗಯ್ಯಂದು. ನಿಮ್ದು ಇಲ್ಲ."

ಅಡುಗೆಮನೆಯಿಂದ ಬಂದ ಮೇಘಶ್ರೀ ಕಡೆಯ ಮಾತು ಕೇಳಿಸಿಕೊಂಡಳು. ಅವಳ ಕೈಯಲ್ಲಿ ಮೊಬೈಲು ಇತ್ತು. ಇಲ್ಲದ ಹೊತ್ತು ಕಡಿಮೆ.

"ತಾತ, ತಾತ, ಇದನ್ನೇ ಹೇಳಿ, ವಿಡಿಯೋ ಮಾಡ್ಕೋತೀನಿ. ಇದ್ರಲ್ಲಿ ಹೇಗ್ ಬಿತ್ತೋದು, ಎಲ್ಲಾ. ಗೆಸ್ಟ್‌ಗಳಿಗೆ ತೋರ್ಸ್ಬೋದು."

"ಮ್ಯಾಲೆ ನೇತಾಡೋದ ತೋರ್ಸಿ ಏನ್ ಹೇಳ್ಲಿ ಕಣವ್ವ? ಕೆಳಗ್ ಇಳಿದ್ರೆ ಹೇಳ್ಬೌದು."

"ಇಳಿಸೋಣ! ಐದ್ ನಿಮ್ಷ ಅಪ್ಪಾ, ಆಮೇಲ್ ಮತ್ತೆ ಹಾಕಿದ್ರಾಯ್ತು."

ಕಾಂತರಾಜು ಏನೋ ಅನ್ನುವುದರೊಳಗೆ ಅವಳೇ ಸ್ವಿಚ್ಚು ಆರಿಸಿ ಪ್ಲಗ್ಗು ಕಿತ್ತಳು, ಏಣಿ ತಂದಳು, ಹಿಡಿದುಕೊಂಡಳು. ಕೆಂಚಯ್ಯ ಹತ್ತಿದ. ಗಂಟು ಅವನೇ ಹಾಕಿದ್ದು. ಕಣ್ಣು ಮುಚ್ಚಿಯೂ ಬಿಚ್ಚುತ್ತಿದ್ದ. ಕೂರಿಗೆ ಅವನ ಎದೆಗೆ ಒರಗಿ ಮೆಲ್ಲಗೆ ಇಳಿಯಿತು.

ನೆಲಕ್ಕಿಟ್ಟ ಮೇಲೆ ಬಟ್ಟಲಿಗೆ ಕೈ ಹಾಕಿದ. ವೈರುಗಳ ಗೋಜಲಿನ ನಡುವೆ, ಎಲೆಕ್ಟ್ರಿಷಿಯನ್ ಮೂಲೆಗೆ ತುರುಕಿ ಟೇಪು ಸುತ್ತಿದ್ದ ಗಂಟೊಂದು ಸಿಕ್ಕಿತು. ಮರಿಯಮ್ಮನ ಹಳೆಯ ಸೀರೆಯ ಹಸಿರು ಚೂರು. ಬಿಚ್ಚಿದ. ಒಂದು ಹಿಡಿ ರಾಗಿ.

"ಇದೇನ್ ತಾತ?"

"ಹೋದೊರ್ಸ ಬಿತ್ತಿ ತಂದಿಟ್ಟಾಗ ನಾನ್ ಕಟ್ಟಿದ್ದು. ಬಟ್ಲು ಬರಿದಿರಬಾರ್ದು. ಇದ್ನೆ ಮೊದ್ಲು ಬುಡಬೇಕು, ಆಮೇಲ್ ಹೊಸ ಬೀಜ." ಅವನು ನಾಲ್ಕು ಕಾಳು ಎತ್ತಿ ಬಟ್ಟಲಿಗೆ ಬಿಟ್ಟ. "ಬೆರಳು ಹಿಂಗೆ ಆಡ್ತಿರಬೇಕು. ಜಾಸ್ತಿ ಬಿಟ್ರೆ ಒತ್ತಾಯ್ತದೆ, ಕಮ್ಮಿ ಬಿಟ್ರೆ ಸಾಲು ಬೋಳು." ಕಾಳುಗಳು ಒಂದು ಕೊಳವೆಯಲ್ಲಿ ಜಾರಿ, ವೈರು ಬಳಸಿ, ತಾಳಿನ ಬಾಯಲ್ಲಿದ್ದ ಬಲ್ಬಿಗೆ ತಾಕಿ ಟಿಕ್ ಎಂದು ನಿಂತವು.

ಅವನ ಬೆರಳು ಗಾಳಿಯಲ್ಲಿ ಇನ್ನೂ ಆಡುತ್ತಿತ್ತು. ಮೇಘಶ್ರೀ ಅದನ್ನೇ ನೋಡುತ್ತಿದ್ದಳು. ಮೊಬೈಲು ಯಾವಾಗ ಕೆಳಗಿಳಿಯಿತೋ ಅವಳಿಗೇ ತಿಳಿಯಲಿಲ್ಲ. ಆಮೇಲೆ ಕುಕ್ಕರುಗಾಲಲ್ಲಿ ಕೂತು ಆ ಬಲ್ಬನ್ನು ತಿರುಗಿಸಿ ತೆಗೆದಳು. ಎರಡನೆಯದನ್ನೂ ತೆಗೆದಳು.

"ಏನ್ ಮಾಡ್ತಿದೀಯ ಮಗಾ? ಭಾನುವಾರ ಜನ ಬತ್ತಾರೆ!"

"ಅಪ್ಪಾ, ಅದು ಅವ್ರದ್ದು."

"ಅವ್ರದ್ದೇ ಕಣೆ, ಯಾರ್ ಅಲ್ಲ ಅಂದ್ರು? ಇಲ್ಲ ಅಂತ ನಾನೆಲ್ಲಿ ಅಂದೆ? ಸೋಮವಾರ ಅಂದೆ."

ನಾಲ್ಕು ಬಲ್ಬು ಹೊರಬಂದವು. ಉಳಿದೆರಡು ತುಕ್ಕು ಹಿಡಿದಂತೆ ಬಿಗಿದು ಕೂತಿದ್ದವು. ಕೆಂಚಯ್ಯ ಬಾಗಿಲಾಚೆ ನೋಡಿದ. ಬಿಸಿಲು ಅವನ ಚಪ್ಪಲಿಯ ತನಕ ಬಂದಿತ್ತು. ರಾಗಿಯ ಗಂಟನ್ನು ಮತ್ತೆ ಕಟ್ಟಿ ಬಟ್ಟಲಿಗೆ ಹಾಕಿದ. ಟವೆಲ್ಲನ್ನು ಮಡಿಸಿ ಹೆಗಲಿಗಿಟ್ಟುಕೊಂಡು, ಕೂರಿಗೆಯನ್ನು ಎತ್ತಿ ಅದರ ಮೇಲೆ ಕೂರಿಸಿದ.

"ಕೆಂಚಣ್ಣ, ಒಂದ್ ನಿಮ್ಷ, ಮಾತಾಡೋಣ."

"ಹೇಳಿ ಕಾಂತಣ್ಣ, ಕೇಳುಸ್ತೈತೆ" ಎನ್ನುತ್ತಲೇ ಕೆಂಚಯ್ಯ ವಾರ್ನಿಷ್ ಸಗಣಿಯ ಮೇಲೆ ಹೆಜ್ಜೆ ಹಾಕಿದ.

ಕಾಂತರಾಜು ಹಿಂದೆಯೇ ಬಂದ. "ಸರಿ, ತಗಂಡೋಗು. ನಾನೇನ್ ಬ್ಯಾಡ ಅಂತೀನಾ? ನಮ್ಮಪ್ಪನ್ ಮಗ ನಾನು. ಆದ್ರೆ ಶನಿವಾರ ಸಂಜೆಗೆ ವಾಪಸ್ ತರ್ತೀಯ ತಾನೆ? ಆ ಎರಡು ಬಲ್ಬು ಹುಷಾರು, ಅವು ಇಲ್ಲಿ ಸಿಗಲ್ಲ..."

ಬಾಗಿಲಲ್ಲಿ ಕೂರಿಗೆಯ ತುದಿ ತಾಗಿ ಕೆಂದಿಯ ಗಂಟೆ ಢಣ್ಣೆಂದಿತು. ಕೆಂಚಯ್ಯ ಕತ್ತು ತಿರುಗಿಸಲಿಲ್ಲ. ಬಗ್ಗಿ ಚಪ್ಪಲಿ ಮೆಟ್ಟುವಂತಿರಲಿಲ್ಲ; ಅವನ್ನು ಅಲ್ಲೇ ಬಿಟ್ಟು ಬರಿಗಾಲಲ್ಲಿ ಹಸಿ ಮಣ್ಣಿಗಿಳಿದ. ಬೆನ್ನ ಹಿಂದೆ ಎರಡು ಬಲ್ಬು, ಒಂದು ಮಾರು ವೈರು ತೂಗುತ್ತಿದ್ದವು. ತಗ್ಗಿನ ಕಡೆಯಿಂದ ಚಲುವಯ್ಯ ಎತ್ತುಗಳನ್ನು ಹೆಸರು ಹಿಡಿದು ಬೈಯುವುದು ಕೇಳುತ್ತಿತ್ತು.

"ಕೆಂಚಣ್ಣ! ಇನ್ನೊಂದ್ ಮಾತು!" ಕಾಂತರಾಜು ಹೊಸ್ತಿಲಲ್ಲೇ ನಿಂತು ಕೂಗಿದ. "ತರೋವಾಗ ತೊಳೀಬೇಡ ಕಣಣ್ಣ! ಮಣ್ಣು ಹಂಗೇ ಇರ್ಲಿ, ಚೆನ್ನಾಗ್ ಕಾಣ್ತದೆ! ಕೇಳುಸ್ತಾ? ಮಣ್ಣು ಹಂಗೇ..."

ಕೆಂಚಯ್ಯ ಆಗಲೇ ಬದುವಿನ ತಿರುವು ದಾಟಿದ್ದ.